ಎಣ್ಣಿ ಹಾಕಾಂವ

ದುರ್ಗದಬೈಲಿನ ದಾವಲಸಾಬ ಹಳೇ ಪುಸ್ತಕಾ
ಉಳ್ಳಾಗಡ್ಡಿಯಂಗ ತೂಕದ ಮ್ಯಾಲ ಮಾರತಾನ.
ರಟ್ಟಿನ ಮ್ಯಾಲ ರಾಕೆಟ್ಟಿದ್ರ,
ಇಲ್ಲಾಂದ್ರ ರೆಕ್ಕಿ ಇದ್ದ ಹಾವಿದ್ರ
ಬ್ಯಾರೆ ತಗದಿಟ್ಟು ಗೋಣಿಚೀಲಾ ಮುಚ್ಚತಾನ:
"ಇವು ರೈಲ್ವೆ ವರ್ಕಶಾಪಿನ ಅಡಿವೆಪ್ಪಗ,
ಬ್ಯಾರೆ ಯಾರ ಒಯ್ಯಾವ್ರು ಇಂಥಾವನ್ನ?"

ಇಂಗ್ಲೀಷು ನನಗ ಅರ್ಧಾ ತಿಳೀತೈತಿ,
ಉಳಿದರ್ಧಾ ನಾನ ಕಟಗೋತೀನಿ.
ಹಂಗಾಗಿ ಒಂದರ ರೊಕ್ಕಕ್ಕ ಎರಡ ಓದಿದಂಗ.
ಸಾಲಿ ಮಾಸ್ತರ ಆಗಿರೋ ನಮ್ಮ ಬೀಗರು ಕೇಳತಾರ,
"ಅದರಾಗ ಏನೈತ್ರಿ ಅಂಥಾದ್ದು, ಬರೇ ಸುಳ್ಳ?"
ಏನೈತಿ ಅಂತ ಹೇಳಲಿ.
ಚಹಾ ತಗೋರಿ ಅಂತೀನಿ.

ಆದ್ರ ನನಗೂ ತಕರಾರ ಅದಾವ.

ಮೊನ್ನೆ ಓದಿದ್ದರಾಗ ಒಂದ ಹಡಗು,
ನಕ್ಷತ್ರದಿಂದ ನಕ್ಷತ್ರಕ್ಕ ನಾನೂರ ವರ್ಷದ ದಾರಿ.
ಮೂರ ಸಾವಿರ ಮಂದಿ ಗಾಜಿನ ಪೆಟ್ಟಿಗ್ಯಾಗ ನಿದ್ದಿ.
ಕ್ಯಾಪ್ಟನ್ನ ಕಿಡಕ್ಯಾಗ ನಿಂತು
ಕತ್ತಲಾ ನೋಡಿ ನೋಡಿ ಮಾತಾಡತಾನ, ಹದಿನಾಲ್ಕ ಹಾಳಿ.
ಅಲ್ಲೋ ಮಾರಾಯಾ,
ಬೇರಿಂಗ ಕಾಯಲಿಲ್ಲೇನು?
ಒಂದ ಬೋಲ್ಟ ಸಡ್ಲ ಆಗಲಿಲ್ಲೇನು ನಾನೂರ ವರ್ಷದಾಗ?
ಮೂವತ್ತೊಂದ ವರ್ಷ ನಾನು ಗಾಲಿಗೆ ಸುತಗಿಲೆ ಬಡದು
ಕಿವಿಗೊಟ್ಟ ಕೇಳೇನಿ,
ಗಟ್ಟಿ ಗಾಲಿ ಗಂಟಿಯಂಗ ನುಡೀತೈತಿ,
ಬಿರುಕ ಬಿಟ್ಟಿದ್ದು ಒಡಕ ಗಡಿಗಿಯಂಗ.
ಇನ್ನೂರಾ ಹನ್ನೆರಡನೇ ಹಾಳಿಗೆ ಒಂದ ಸಾಲ ಸಿಕ್ಕತು:
ಕೆಳಗ ಎಲ್ಲೋ ಯಾರೋ ಪೈಪಿಗೆ ಬಡಿಯೋ ಸಪ್ಪಳ.
ಅಷ್ಟ. ಬರದಾಂವ ಮುಂದ ಅವನ್ನ ಮರತಾನ.
ನಾ ಮರತಿಲ್ಲ.
ಅವಗ ಹುಸೇನಪ್ಪ ಅಂತ ಹೆಸರಿಟ್ಟೇನಿ,
ಬುತ್ತಿಗೆ ಎರಡ ರೊಟ್ಟಿ, ಶೇಂಗಾ ಹಿಂಡಿ ಕಟ್ಟೇನಿ,
ಪಾಳಿ ಮುಗಿಸಿ ಅಂವ ಎಲ್ಲಿ ಮಲಗತಾನ ಅನ್ನೂದು ಮಾತ್ರ
ಇನ್ನೂ ಹೊಳದಿಲ್ಲ.

ಮಾಯಾಮಂತ್ರದ ಪುಸ್ತಕದ ಮಾತ ಬ್ಯಾರೆ.
ತೆರದ ಕೂಡಲೆ ನಕಾಶೆ. ಎಡಕ ಗುಡ್ಡಾ, ಬಲಕ ಕೇಡು.
ಕುರಿ ಕಾಯೋ ಹುಡುಗಾ ಅರಸನ ಮಗಾ ಅಂತ
ಅವಗ ತಿಳಿಯೋದು ಆರನೂರನೇ ಹಾಳಿಗೆ,
ನನಗ ಹತ್ತನೇದ್ದಕ್ಕ ತಿಳಿದಿರತೈತಿ.
ಗಡ್ಡದ ಮುದುಕಗೂ ಗೊತ್ತಿರತೈತಿ, ಬಾಯಿ ಬಿಡೂದಿಲ್ಲ;
ಬಿಟ್ಟಿದ್ರ ದಾವಲಸಾಬನ ತಕ್ಕಡ್ಯಾಗ
ಒಂದ ಕಿಲೋ ಕಡಿಮಿ ಆಗತಿತ್ತು.
ಬೆಂಕಿ ಉಗುಳೋ ಪ್ರಾಣಿ ಏನ ತಿಂತೈತಿ ಅಂತ ಬರದಿರತಾರ,
ಅದರ ಹೆಂಡಿ ಯಾರ ಬಳೀತಾರ ಅಂತ ಬರಿಯೂದಿಲ್ಲ.

ನಕಾಶೆದಾಗ ಹೊಳಿಗೋಳು ಹೇಳಿದಂಗ ಕೇಳತಾವ.
ಧಾರವಾಡದಾಗ ನಮ್ಮಕ್ಕ ನೀಲಗಂಗವ್ವ ಹೇಳತಾಳ,
ತನ್ನ ಹಂಚಿನ ಮನಿಯ ಈ ಕಡೆ ಬಿದ್ದ ಮಳಿ ಮೂಡಲ ಸಮುದ್ರಕ್ಕಂತ,
ಆ ಕಡೆದ್ದು ಪಡುವಲಕ್ಕಂತ.
ಖರೇನೋ, ಬಡಿವಾರೋ.
ಹಂಚ ಸರಿಸಾಕ ಹತ್ತಿದಾಗ ನಾನೂ ಒಂದ ತಂಬಗಿ ನೀರ
ನಟ್ಟನಡುವ ಹಾಕಿ ನೋಡೇನಿ,
ಅರ್ಧಾ ಅತ್ತ, ಅರ್ಧಾ ಇತ್ತ,
ಒಂದೀಟು ನನ್ನ ಅಂಗಿ ಮ್ಯಾಲ.

ಬ್ಯಾರೆ ಲೋಕದ ಹಡಗ ಯಾವಾಗ್ಲೂ ದೊಡ್ಡ ದೊಡ್ಡ ಶಹರಕ್ಕ ಇಳೀತಾವ.
ಹುಬ್ಬಳ್ಳಿಗೆ ಬರ್ರಿ ಅಂತೀನಿ.
ಒಂದೂವರಿ ಕಿಲೋಮೀಟರ ಪ್ಲಾಟಫಾರ್ಮ ಐತಿ,
ಎಂಥಾ ಉದ್ದಂದು ತಂದ್ರೂ ನಿಲ್ಲತೈತಿ.
ಇಳದು, ಈ ತುದಿಯಿಂದ ಆ ತುದಿಗೆ ನಡದು ಸಾಕಾಗಿ
ಜಗತ್ತ ಗೆಲ್ಲೂದ ನಾಳೆ ನೋಡೂಣು ಅಂತ
ಗಿರಮಿಟ್ಟ ತಿನಕೋತ ಕೂಡತಾರ.

ನಿನ್ನೆ ರಾತ್ರಿ ಓದಿದ್ದಕ್ಕ ಕಡೀ ಹಾಳಿ ಇಲ್ಲ.
ಯಾರೋ ಮಿರ್ಚಿ ಕಟ್ಟಾಕ ಹರಕೊಂಡಾರ.
ಆ ಹೆಣಮಗಳು ಸಾವಿರ ಮೆಟ್ಟಲಾ ಹತ್ತಿ ಬಂದು
ಕಬ್ಬಿಣದ ಬಾಗಲಿಗೆ ಕೈ ಹಚ್ಚ್ಯಾಳ,
ಮುಂದ ಬರೇ ದಾರದ ಹೊಲಿಗಿ.
ಭೋಂಗಾ ಹೊಡೀತು. ಪಾಳಿಗೆ ಹೋಗೂದಿತ್ತು.
ಕಿವಿ ಸಂದ್ಯಾಗಿನ ಪೆನ್ಸಿಲ್ಲ ತಗದು
ಒಳರಟ್ಟಿನ ಮ್ಯಾಲ ಬರದೆ, ಕನ್ನಡದಾಗ:

ದೂಡಿದಳು. ಕಿರ್ರ್ ಅಂತು, ಅಲ್ಲಾಡಲಿಲ್ಲ.
ತಿರುಗಿ ಕೆಳಗ ಕೂಗಿದಳು: ಹುಸೇನಪ್ಪಾ,
ಎಣ್ಣಿ ಡಬ್ಬಿ ತಗೊಂಡ ಬಾರೋ.